ಒಂದೇ ರಿಂಗಿನ ಪ್ಲ್ಯಾನು

ನಮ್ಮತ್ತೆ ಚಂದ್ರಪ್ರಭಾ ಅವರಿಗೆ ಫೋನು ಮಾತಾಡುವ ವಸ್ತುವಲ್ಲ, ರಿಂಗ್ ಕೊಡುವ ವಸ್ತು. ಇಷ್ಟನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮದುವೆಯಾದ ಹೊಸದರಲ್ಲಿ ನನಗೆ ಸಾಕುಸಾಕಾಗಿ ಹೋಗಿತ್ತು. ನಾನು, ನನ್ನ ಗಂಡ ಸಂಕೇತ ಬ್ರಿಸ್ಬೇನಿನಲ್ಲಿ ಮನೆ ಮಾಡಿದ್ದೆವು. ಅತ್ತೆ ಮಾವ ಇದ್ದದ್ದು ಪರ್ತ್‌ನ ವಿಲೆಟನ್‌ನಲ್ಲಿ. ಸಂಜೆ ನನ್ನ ಮೊಬೈಲು ಒಂದೇ ಒಂದು ಸಲ ಬಡಿದುಕೊಂಡು ಸುಮ್ಮನಾಗುತ್ತಿತ್ತು. ನೋಡಿದರೆ ಅತ್ತೆಯ ನಂಬರು. ಹೊಸ ಸೊಸೆಯಲ್ಲವೇ, ಎದ್ದೆನೋ ಬಿದ್ದೆನೋ ಅಂತ ತಿರುಗಿ ಫೋನ್ ಮಾಡುತ್ತಿದ್ದೆ. ಅವರು ಕಟ್ ಮಾಡುತ್ತಿದ್ದರು. ಮತ್ತೆ ಮಾಡಿದರೆ ಮತ್ತೆ ಕಟ್. ನಾನೇನು ತಪ್ಪು ಮಾಡಿದೆ ಹೇಳು ಅಂತ ವಾರವಿಡೀ ಸಂಕೇತನ ಪ್ರಾಣ ತಿಂದೆ. ಅಮ್ಮ ಚೆನ್ನಾಗಿದ್ದಾಳೆ ಅಂತ ಅದರ ಅರ್ಥ, ಅದಕ್ಕೆ ತಿರುಗಿ ಮಾಡಬಾರದು ಅಂದ, ಲೋಕಕ್ಕೆಲ್ಲ ಗೊತ್ತಿರುವ ವಿಷಯ ನನಗೊಬ್ಬಳಿಗೇ ಗೊತ್ತಿಲ್ಲವೇನೋ ಅನ್ನುವ ಹಾಗೆ.

ಹಾಗಂತ ಮಿಸ್ಡ್ ಕಾಲ್ ನನಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಓದುವಾಗ ನಮ್ಮ ಹಾಸ್ಟೆಲ್ ನಡೆಯುತ್ತಿದ್ದದ್ದೇ ಅದರ ಮೇಲೆ. ಗೇಟಿನ ಹತ್ತಿರ ಬಂದಿದ್ದೀನಿ ಅಂದರೆ ಒಂದು ರಿಂಗು. ವಾರ್ಡನ್ ಎದುರಿಗಿದ್ದಾರೆ, ಬರಬೇಡ ಅಂದರೆ ಎರಡು. ಹತ್ತು ರೂಪಾಯಿ ರೀಚಾರ್ಜ್ ಕೂಪನ್ನನ್ನು ಉಗುರಿನಿಂದ ಕೆರೆದು ಆ ನಂಬರ್ ಒತ್ತುವಾಗ ಆಗುತ್ತಿದ್ದ ಸಡಗರ ಈಗ ತಿಂಗಳ ಸಂಬಳ ಬಂದಾಗಲೂ ಆಗುವುದಿಲ್ಲ. ಆದರೆ ಅದನ್ನೆಲ್ಲ ಅಲ್ಲೇ ಬಿಟ್ಟು ವಿಮಾನ ಹತ್ತಿದ್ದೇನೆ ಅಂದುಕೊಂಡಿದ್ದೆ. ನಮ್ಮತ್ತೆ ಮಾತ್ರ ಸಂಬಾರಪುಡಿ ಡಬ್ಬದ ಜೊತೆ ಅದನ್ನೂ ಕಟ್ಟಿಕೊಂಡು ಬಂದಿದ್ದರು.

ಇಲ್ಲಿಯವರಿಗೆ ಮಿಸ್ಡ್ ಕಾಲ್ ಏನೆಂದು ಗೊತ್ತಿಲ್ಲ ಅನ್ನುವುದನ್ನು ಅತ್ತೆ ಇಪ್ಪತ್ತು ವರ್ಷ ಒಪ್ಪಿಕೊಳ್ಳಲೇ ಇಲ್ಲ. ಪಕ್ಕದ ಮನೆಯ ಜೋನ್ ಅಜ್ಜಿ, ಕಸದ ಗಾಡಿ ಬಂದಾಗ ತಿಳಿಸು ಅಂದಿದ್ದರಂತೆ. ಅತ್ತೆ ಒಂದು ರಿಂಗ್ ಕೊಟ್ಟು ಇಟ್ಟರು. ಆ ಅಜ್ಜಿ ತಿರುಗಿ ಮಾಡಿದರೆ ಇವರು ಎತ್ತಲಿಲ್ಲ. ಎತ್ತಿದರೆ ದುಡ್ಡು ಹೋಗುವುದು ಅಜ್ಜಿಗೆ, ಪಾಪ ಅಂತ ಇವರ ಲೆಕ್ಕ. ಅಜ್ಜಿ ಗಾಬರಿಯಾಗಿ ಮನೆಯ ಚಪ್ಪಲಿಯಲ್ಲೇ ಬೇಲಿ ಸುತ್ತಿಕೊಂಡು ಓಡಿ ಬಂದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ಹೀಗೇ ರಿಂಗ್ ಕೊಟ್ಟು, ಹೊರಟಿದ್ದೀನಿ ಅಂತ ತಿಳಿಸಿದ್ದೀನಿ ಅಂದುಕೊಂಡಿದ್ದರು.

ಇದರ ಬೇರು ಎಲ್ಲಿದೆ ಅಂತ ನನಗೆ ಗೊತ್ತಾದದ್ದು ನಿಧಾನಕ್ಕೆ, ಅತ್ತೆ ಬ್ರಿಸ್ಬೇನಿಗೆ ಬಂದಾಗ ಹುರುಳಿಕಾಯಿ ಸೋಸುತ್ತಾ ಹೇಳಿದ ಚೂರುಪಾರು ಮಾತುಗಳಲ್ಲಿ. ಮಾವ ಜಯಪ್ರಕಾಶ್ ಕೋಲಾರದ ಚಿನ್ನದ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದವರು. ಅವರ ಜೊತೆಯವರು ಉದಯಶಂಕರ್. ಉದಯಶಂಕರ್ ಅವರ ಹೆಂಡತಿ ಗೀತಾ. ಅಲ್ಲಿ ಎರಡೂ ಸಂಸಾರದ ಕ್ವಾರ್ಟರ್ಸು ಅಕ್ಕಪಕ್ಕ, ನಡುವೆ ಒಂದು ದಾಸವಾಳದ ಗಿಡ. ಪಾಳಿ ಮುಗಿದಾಗ ಸೈರನ್ ಕೂಗುತ್ತಿತ್ತಂತೆ. ಸೈರನ್ ಕೂಗಿತು ಅಂದರೆ ಗಂಡಸರು ಮೇಲೆ ಬಂದರು ಅಂತ. ಆಗ ಇಬ್ಬರು ಹೆಂಗಸರೂ ತಂತಮ್ಮ ಬಾಗಿಲಿಗೆ ಬಂದು, ದಾಸವಾಳದ ಗಿಡದ ಮೇಲಿಂದ ಒಬ್ಬರ ಮುಖ ಒಬ್ಬರು ನೋಡಿ ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದರು. ಮಾತೇನೂ ಇಲ್ಲ, ನೋಡಿ ಒಳಗೆ ಹೋಗುವುದು ಅಷ್ಟೆ.

ಗಣಿ ಮುಚ್ಚಿತು. ಮಾರನೆಯ ವರ್ಷ ಇಬ್ಬರು ಗಂಡಸರಿಗೂ ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಗಣಿಯಲ್ಲಿ ಕೆಲಸ ಸಿಕ್ಕಿ, ಎರಡೂ ಸಂಸಾರ ಪರ್ತ್‌ಗೆ ಬಂದವು. ಎರಡು ವಾರ ಸೈಟು, ಒಂದು ವಾರ ಮನೆ. ಸೈಟು ಅಂದರೆ ವಿಮಾನದಲ್ಲಿ ಹೋಗಬೇಕಾದ ಕೆಂಪು ಮಣ್ಣಿನ ಬಯಲು. ಇಲ್ಲಿ ಎಲ್ಲ ಇತ್ತು, ಸೈರನ್ ಒಂದಿರಲಿಲ್ಲ. "ಮೊದಲ್ನೇ ತಿಂಗಳು ಸಂಜೆ ಆದ್ರೆ ಕಿವಿ ಕಾಯ್ತಾ ಇರೋದು ಕಣಮ್ಮ. ಏನೋ ಕೇಳ್ಬೇಕಿತ್ತು, ಕೇಳ್ಲಿಲ್ವಲ್ಲ ಅಂತ," ಅಂದಿದ್ದರು ಅತ್ತೆ. ಹೇಳುವಾಗಲೂ ಅವರ ಕೈ ಹುರುಳಿಕಾಯಿಯ ಮೇಲೆ ನಿಂತುಬಿಟ್ಟಿತ್ತು.

ಹಾಗಾಗಿ ಇಬ್ಬರೂ ಸೇರಿ ಸೈರನ್ನಿಗೆ ಬದಲು ರಿಂಗು ಮಾಡಿಕೊಂಡರು. ಒಂದೇ ಅಂಗಡಿಯಲ್ಲಿ ಒಂದೇ ತರಹದ ಎರಡು ಗುಂಡಿ ಫೋನು, ಎರಡಕ್ಕೂ ಎಲ್ಲಕ್ಕಿಂತ ಅಗ್ಗದ ಪ್ರೀಪೇಯ್ಡ್. ಆ ಪ್ಲ್ಯಾನಿನಲ್ಲಿ ಮಾತು ದುಬಾರಿ. ಆ ಕಡೆಯವರು ಎತ್ತಿದ ಕ್ಷಣಕ್ಕೇ ಒಂದು ಶುಲ್ಕ, ಆಮೇಲೆ ಆಡಿದ ಮಾತಿಗೆ ಬೇರೆ. ಆದರೆ ಎತ್ತದಿದ್ದರೆ ಏನೂ ಇಲ್ಲ. ದೇವರ ಮುಂದೆ ದೀಪ ಹಚ್ಚಿದ ಮೇಲೆ ಅತ್ತೆ ಗೀತಾಗೆ ಒಂದು ರಿಂಗ್, ಗೀತಾ ತಿರುಗಿ ಅತ್ತೆಗೆ ಒಂದು ರಿಂಗ್. ನಾನು ಚೆನ್ನಾಗಿದ್ದೀನಿ, ನೀನೂ ಚೆನ್ನಾಗಿದ್ದೀಯ, ಮುಗಿಯಿತು. ರೀಚಾರ್ಜ್ ಮಾವನ ಪಾಲಿನ ಕೆಲಸ. ಬ್ಯಾಲೆನ್ಸ್ ಎಷ್ಟಿದೆ ಅಂತ ಅತ್ತೆ ಒಂದು ದಿನ ನೋಡಿದವರಲ್ಲ.

ಮುಂದೆ ಉದಯಶಂಕರ್ ಅವರಿಗೆ ದಕ್ಷಿಣ ಆಸ್ಟ್ರೇಲಿಯಾದ ತಾಮ್ರದ ಗಣಿಯಲ್ಲಿ ಕೆಲಸವಾಗಿ ಗೀತಾ ಆಂಟಿ ಅಡಿಲೇಡಿಗೆ ಹೋದರು. ರಿಂಗು ನಿಲ್ಲಲಿಲ್ಲ. ಪರ್ತ್‌ನಲ್ಲಿ ದೀಪ ಹಚ್ಚುವ ಹೊತ್ತಿಗೆ ಅಡಿಲೇಡಿನಲ್ಲಿ ಊಟದ ಹೊತ್ತು. ಗೀತಾ ಆಂಟಿ ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದರಂತೆ. ರಿಂಗು ಬೇಗ ಬಂದರೆ, ಓ, ಚಂದ್ರಾ ಮಗನ ಮನೆಗೆ ಬ್ರಿಸ್ಬೇನಿಗೆ ಹೋಗಿದ್ದಾಳೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಆ ಒಂದು ರಿಂಗಿನಲ್ಲಿ ತುಂಬಿರುತ್ತಿದ್ದಷ್ಟು ಸುದ್ದಿ ನಮ್ಮ ಆಫೀಸಿನ ದಿನಕ್ಕೊಂದು ಮೀಟಿಂಗಿನಲ್ಲೂ ಇರುವುದಿಲ್ಲ.

ಈ ಗೆಳೆತನ ಕೆಟ್ಟದ್ದು ನನ್ನ ಸೀಮಂತದ ದಿನ. ನನ್ನದೇನೂ ಪಾತ್ರವಿಲ್ಲ, ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಹೊಟ್ಟೆ ಹೊತ್ತುಕೊಂಡು ಮಣೆಯ ಮೇಲೆ ಕೂತಿದ್ದೆ. ವಿಲೆಟನ್ನಿನ ಆ ಮನೆಯಲ್ಲಿ ಪರ್ತ್‌ನ ಅರ್ಧ ಕನ್ನಡದವರು ಸೇರಿದ್ದರು. ಹೆಂಗಸರು ಮಡಿಲು ತುಂಬುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಪೊಲೀಸರು ಬಂದು ನಿಂತರು. ಹಾಡು ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಚಂದ್ರಪ್ರಭಾ ಅನ್ನುವವರು ಇದ್ದಾರೆಯೇ, ಅವರು ಕ್ಷೇಮವೇ ಅಂತ ಪೊಲೀಸರು ಕೇಳಿದರು. ಆಗಿದ್ದು ಇಷ್ಟು. ಹಿಂದಿನ ದಿನ ಸಂಜೆ ಅಡುಗೆಯ ಗಡಿಬಿಡಿಯಲ್ಲಿ ಅತ್ತೆಯ ಫೋನು ಅಕ್ಕಿ ಡ್ರಮ್ಮಿನ ಹಿಂದೆ ಬಿದ್ದು ಚಾರ್ಜ್ ಸತ್ತಿತ್ತು. ಅಡಿಲೇಡಿಗೆ ರಿಂಗು ಹೋಗಿರಲಿಲ್ಲ. ಗೀತಾ ಆಂಟಿ ಕಾಲು ಉಳುಕಿ ಬರಲಾಗದೆ ಮನೆಯಲ್ಲೇ ಇದ್ದರು. ಅವರು ಸಂಜೆ ಕಾದರು, ಬೆಳಿಗ್ಗೆ ಕಾದರು. ಮಾವ ಸೈಟಿನಿಂದ ಬರುವ ವಿಮಾನದಲ್ಲಿದ್ದರು. ಸಂಕೇತ ಯಾವುದೋ ಹೊಸ ಗಿರಾಕಿ ಆಫರಿನ ಆಸೆಗೆ ಆಗಷ್ಟೇ ನಂಬರು ಬದಲಾಯಿಸಿದ್ದ. ಕೊನೆಗೆ ಪೊಲೀಸರಿಗೆ ಹೇಳಿದರು.

ಪೊಲೀಸರು ಒಳ್ಳೆಯವರು. ಒಬ್ಬರು ಎರಡು ಚಿರೋಟಿ ತಿಂದೇ ಹೋದರು. ನಾನಂತೂ ನಕ್ಕು ನಕ್ಕು ಹೊಟ್ಟೆಯಲ್ಲಿದ್ದ ಅನು ಒದೆಯುವಂತೆ ಮಾಡಿದೆ. ಆದರೆ ಅತ್ತೆ ನಗಲಿಲ್ಲ. ಶುಭಕಾರ್ಯದ ಮನೆಗೆ, ಬಂದವರೆಲ್ಲರ ಎದುರಿಗೆ, ಪೊಲೀಸರು. ಮಾರನೆಯ ದಿನ ಹಿತ್ತಲಿಗೆ ಹೋಗಿ ಗೀತಾ ಆಂಟಿಗೆ ಫೋನ್ ಮಾಡಿದರು. ರಿಂಗಲ್ಲ, ಫೋನು. ಎಷ್ಟೋ ಹೊತ್ತು ಅವರ ದನಿ ಜೋರಾಗಿ ಕೇಳುತ್ತಿತ್ತು. ಆಮೇಲೆ ಒಳಗೆ ಬಂದವರ ಮುಖ ಬಿಳುಚಿಕೊಂಡಿತ್ತು. ಮುಖದ ಮೇಲೆ ಹೊಡೆದ ಹಾಗೆ ಫೋನ್ ಕಟ್ ಮಾಡಿಬಿಟ್ಟಳು ಅಂದರು. ತಪ್ಪು ಮಾಡಿದವಳೂ ಅವಳೇ, ಕಟ್ ಮಾಡಿದವಳೂ ಅವಳೇ ಅಂತ ಪಾತ್ರೆ ಕುಕ್ಕಿದರು.

ಅವತ್ತಿಗೆ ಇಬ್ಬರ ಮಾತು ನಿಂತಿತು. ಗೀತಾ ಆಂಟಿ ಪರ್ತ್‌ಗೆ ಯಾರದೋ ಮದುವೆಗೆ ಬಂದಾಗ ಇಬ್ಬರೂ ಊಟದ ಹಾಲ್‌ನ ಎರಡು ತುದಿಯಲ್ಲಿ ಊಟ ಮಾಡಿದರು. ಗಂಡಸರು ಮೊದಮೊದಲು ಸಂಧಾನಕ್ಕೆ ಹೋಗಿ, ಉಗಿಸಿಕೊಂಡು ಸುಮ್ಮನಾದರು. ಆದರೆ ಜಗಳವಾದ ದಿನ ಸಂಜೆ ನಾನು ಕಣ್ಣಾರೆ ನೋಡಿದ್ದೇನೆ. ಅತ್ತೆ ದೀಪ ಹಚ್ಚಿದರು, ಸೊಂಟದಿಂದ ಫೋನು ತೆಗೆದರು, ಅದನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಂದು ರಿಂಗ್ ಕೊಟ್ಟರು. ತಕ್ಷಣ ಅಡಿಲೇಡಿನಿಂದ ಒಂದು ರಿಂಗ್ ಬಂತು. ಆವತ್ತಿನಿಂದ ಒಂಬತ್ತು ವರ್ಷ ಇಬ್ಬರ ನಡುವೆ ಒಂದು ಅಕ್ಷರ ಮಾತಿಲ್ಲ, ಒಂದು ಸಂಜೆಯೂ ರಿಂಗು ತಪ್ಪಿಲ್ಲ. ಈ ಹೆಂಗಸರನ್ನು ಏನನ್ನಬೇಕೋ ನನಗೆ ಈಗಲೂ ತಿಳಿಯದು.

ಮೊನ್ನೆ ಇಪ್ಪತ್ತನಾಲ್ಕನೇ ಇಸವಿಯ ದೀಪಾವಳಿಗೆ ಅತ್ತೆ ನಮ್ಮಲ್ಲಿಗೆ ಬಂದರು. ಮಾವನಿಗೆ ಸೈಟಿನ ಪಾಳಿ, ರಜ ಸಿಕ್ಕಿರಲಿಲ್ಲ. ಅರವತ್ತು ದಾಟಿದರೂ ಅವರಿಗೆ ಆ ಕೆಂಪು ಮಣ್ಣು ಬಿಡದು. ಅತ್ತೆಯ ಗುಂಡಿ ಫೋನಿಗೆ ಕಂಪನಿಯಿಂದ ತಿಂಗಳುಗಟ್ಟಲೆ ಸಂದೇಶ ಬರುತ್ತಿತ್ತು, ಥ್ರೀಜಿ ನಿಲ್ಲಿಸುತ್ತೇವೆ, ನಿಮ್ಮ ಫೋನು ಇನ್ನು ನಡೆಯುವುದಿಲ್ಲ ಅಂತ. ಗೊತ್ತಿಲ್ಲದವರ ಸಂದೇಶ ನಂಬಬೇಡಿ ಅಂತ ನಾವೇ ಹೇಳಿಕೊಟ್ಟಿದ್ದರಿಂದ ಅವರು ಎಲ್ಲವನ್ನೂ ನಿಷ್ಠೆಯಿಂದ ಅಳಿಸಿದ್ದರು. ನಾನು ನೋಡುವಷ್ಟರಲ್ಲಿ ಫೋನಿಗೆ ವಾರದ ಆಯಸ್ಸು ಉಳಿದಿತ್ತು. ಶನಿವಾರ ಅವರನ್ನೂ ಅನುವನ್ನೂ ಕರೆದುಕೊಂಡು ಫಾರೆಸ್ಟ್ ಲೇಕ್‌ನ ಶಾಪಿಂಗ್ ಸೆಂಟರಿಗೆ ಹೋದೆ.

ಹೊಸ ಫೋನು ಆರಿಸುವುದು ಎರಡು ನಿಮಿಷದ ಕೆಲಸವಾಯಿತು. ಪ್ಲ್ಯಾನು ಮಾತ್ರ ಮುಗಿಯಲೇ ಇಲ್ಲ. ಅಂಗಡಿಯ ಹುಡುಗಿ ಮೂರು ತರಹದ್ದು ತೋರಿಸಿದಳು. ಒಂದು, ನಾಲ್ಕು ವಾರಕ್ಕೊಮ್ಮೆ ದುಡ್ಡು ಹಾಕಿದರೆ ದೇಶದೊಳಗೆ ಎಷ್ಟು ಬೇಕಾದರೂ ಮಾತು, ಇಂಡಿಯಾಕ್ಕೂ ಮಾತು, ಡೇಟಾ ಬೇಕಾದಷ್ಟು. ಇನ್ನೊಂದು, ವರ್ಷಕ್ಕೊಮ್ಮೆ ಹಾಕಿ ಮರೆತುಬಿಡುವಂಥದ್ದು, ಅದರಲ್ಲೂ ಮಾತಿಗೆ ಮಿತಿಯಿಲ್ಲ. ಮೂರನೆಯದು ಹಳೆಯ ಕಾಲದ್ದು, ಮಾತಾಡಿದಷ್ಟಕ್ಕೆ ಕಡಿತ. ಅದನ್ನು ಈಗ ಯಾರೂ ಕೇಳುವುದಿಲ್ಲ ಅಂತ ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋದಳು.

ಅತ್ತೆ ಅಲ್ಲೇ ನಿಂತರು. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಯಾವ ಪ್ಲ್ಯಾನಿನಲ್ಲಿ ಎಷ್ಟು ಹೋಗುತ್ತೆ ಕೇಳು ಅಂದರು ನನಗೆ. ಕೇಳಿದೆ. ಆ ಹುಡುಗಿಗೆ ಅರ್ಥವಾಗಲಿಲ್ಲ. ತಿಂಗಳಿಗೆ ಎಷ್ಟು ನಿಮಿಷ ಮಾತಾಡುತ್ತಾರೆ ಅಂತ ತಿರುಗಿ ಕೇಳಿದಳು. ಸೊನ್ನೆ ಅಂದರು ಅತ್ತೆ. ಹಾಗಾದರೆ ಫೋನು ಯಾಕೆ ಅನ್ನುವ ಪ್ರಶ್ನೆ ಅವಳ ಬಾಯಿಗೆ ಬಂದು ನಿಂತಿತು, ಒಳ್ಳೆಯ ಹುಡುಗಿ, ಕೇಳಲಿಲ್ಲ. ಆಮೇಲೆ ಅತ್ತೆಗೆ ವಾಯ್ಸ್‌ಮೇಲಿನ ಭಯ. ಎಷ್ಟನೇ ರಿಂಗಿಗೆ ಆ ಯಂತ್ರ ಎತ್ತುತ್ತೆ, ಎತ್ತದ ಹಾಗೆ ಮಾಡಬಹುದಾ ಅಂತ. ಮಾಡಬಹುದು ಅಂತ ತಿಳಿದ ಮೇಲೆ ಮೂರನೆಯ ಪ್ಲ್ಯಾನಿನ ಮೇಲೆ ಬೆರಳಿಟ್ಟು, ಇದೇ ಇರಲಿ, ನಂಬರು ಮಾತ್ರ ಹಳೆಯದೇ ಇರಬೇಕು ಅಂದರು.

ನನಗೆ ರೇಗಿತು. ಅನ್‌ಲಿಮಿಟೆಡ್‌ಗೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಮಗ ಸೊಸೆ ಇಬ್ಬರೂ ದುಡಿಯುತ್ತೇವೆ, ಯಾರಿಗಾಗಿ ಈ ಉಳಿತಾಯ ಅಂತ ಅಂಗಡಿಯಲ್ಲೇ ಶುರು ಮಾಡಿದೆ. ಅನುವಿಗೆ ಎಂಟು ವರ್ಷ, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಯು ಕ್ಯಾನ್ ಜಸ್ಟ್ ಟಾಕ್ ಟು ಗೀತಾ ಆಂಟಿ. ಇಟ್ಸ್ ಫ್ರೀ," ಅಂದಳು. ಅತ್ತೆ ಮೊಮ್ಮಗಳ ತಲೆ ಸವರಿದರು. ಮೂರನೆಯ ಪ್ಲ್ಯಾನೇ ಆಯಿತು. ಸ್ಟಾರ್ಟರ್ ಪ್ಯಾಕಿನಲ್ಲಿ ಹತ್ತು ಡಾಲರ್ ಮಾತಿತ್ತು. ಈ ಜನ್ಮಕ್ಕೆ ಸಾಕು ಅಂದುಕೊಂಡೆ.

ಮನೆಗೆ ಹೋಗುವ ಮುಂಚೆ ಅಲ್ಲೇ ಪಕ್ಕದ ಕೆರೆಯ ಸುತ್ತ ಒಂದು ಸುತ್ತು ಹಾಕಿದೆವು. ಅನು ಕಾಲಲ್ಲಿ ತಳ್ಳುವ ತನ್ನ ಪುಟ್ಟ ಸ್ಕೂಟರಿನಲ್ಲಿ ಮುಂದೆ ಹೋದಳು. ಅತ್ತೆ ಬೆಂಚಿನ ಮೇಲೆ ಕೂತು, ಹೊಸ ಫೋನಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನೀರು ನೋಡುತ್ತಿದ್ದರು. ನನ್ನ ಕೋಪ ಇನ್ನೂ ಇಳಿದಿರಲಿಲ್ಲ, ಪಕ್ಕದಲ್ಲಿ ಬಿಗಿದುಕೊಂಡು ಕೂತಿದ್ದೆ.

"ದುಡ್ಡಿಗಲ್ಲ ಕಣಮ್ಮ," ಅಂದರು ಅತ್ತೆ, ತಾವಾಗೇ. "ಇಷ್ಟು ವರ್ಷ ಮಾತಾಡ್ದೇ ಇದ್ರೆ, ಪಾಪ, ಅಗ್ಗದ ಪ್ಲ್ಯಾನು, ಮಾತು ದುಬಾರಿ ಅಂತ ಇತ್ತು. ಅವಳೂ ಹಾಗಂತ ಅನ್ಕೋಬೋದು, ನಾನೂ ಅನ್ಕೋಬೋದು. ಈಗ ಮಾತು ಪುಕ್ಕಟೆ ಆಗಿಬಿಟ್ರೆ? ರಿಂಗ್ ಕೊಟ್ಟು ಕಟ್ ಮಾಡಿದ್ರೆ, ಬೇಕಂತ್ಲೇ ಮಾತಾಡ್ತಿಲ್ಲ ಅಂತ ಆಗೋಗತ್ತೆ. ಆಮೇಲೆ ಅವಳು ರಿಂಗೂ ನಿಲ್ಲಿಸಿಬಿಟ್ರೆ ನಾನೇನು ಮಾಡ್ಲಿ?"

ಹಾಗಾದರೆ ನೀವೇ ಒಂದು ಸಲ ಮಾತಾಡಿಬಿಡಿ ಅತ್ತೆ ಅಂದೆ. ಕಟ್ ಮಾಡಿದವಳು ಅವಳು, ಮಾಡಬೇಕಾದವಳೂ ಅವಳೇ ಅಂದರು. ದನಿಯಲ್ಲಿ ಮೊದಲಿನ ಗಡಸಿರಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟು ಹೋಗಿ ಸಂಕಟವಾಯಿತು. ಕೋಲಾರದ ಆ ದಾಸವಾಳದ ಗಿಡ ನಾನು ನೋಡಿಲ್ಲ, ಆದರೂ ಅದರ ಈಚೆ ಬದಿ ಒಬ್ಬರೇ ನಿಂತ ಹಾಗೆ ಕಂಡರು.

ದೀಪಾವಳಿಯ ಸಂಜೆ. ನಾನು ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಿಂದ ಬೇಗ ರೈಲು ಹಿಡಿದು ಬಂದಿದ್ದೆ. ಸಂಕೇತ ಇನ್ನೂ ಬಂದಿರಲಿಲ್ಲ. ಅನು ಹಣತೆಗಳನ್ನು ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು, ಅತ್ತೆ ಹಚ್ಚಿದರು. ಆಮೇಲೆ ಒಳಗೆ ಬಂದು ಹೊಸ ಫೋನಿನಲ್ಲಿ ಗೀತಾ ಆಂಟಿಗೆ ರಿಂಗ್ ಕೊಡಲು ಹೋದರು. ರಿಂಗೇ ಆಗಲಿಲ್ಲ. ಈ ನಂಬರು ಸದ್ಯಕ್ಕೆ ಸಿಗುತ್ತಿಲ್ಲ ಅಂತ ಯಂತ್ರ ಹೇಳಿತು. ಮತ್ತೆ ಮಾಡಿದರು, ಮತ್ತೆ ಅದೇ. ಆ ಕಡೆಯಿಂದಲೂ ಏನೂ ಬರಲಿಲ್ಲ.

ಫೋನ್ ಚಾರ್ಜಿಗೆ ಹಾಕಿರುತ್ತಾರೆ, ದೇವಸ್ಥಾನಕ್ಕೆ ಹೋಗಿರುತ್ತಾರೆ ಅಂತ ನಾನು ಸಮಾಧಾನ ಹೇಳಿದೆ. ಅತ್ತೆ ಕೂತರು, ಎದ್ದರು, ಕಡುಬಿನ ಹಬೆ ನೋಡಿದರು, ಮತ್ತೆ ಫೋನು ಹಿಡಿದರು. ನಾನು ಮಾವನಿಗೆ ಮಾಡಿದೆ, ಪಾಳಿಯಲ್ಲಿದ್ದರು, ಸಿಗಲಿಲ್ಲ. ಉದಯಶಂಕರ್ ಅಂಕಲ್ಲೂ ಸೈಟಿನಲ್ಲಿ ಅಂತ ಮಾವ ಬೆಳಿಗ್ಗೆಯೇ ಹೇಳಿದ್ದರು. ಗೀತಾ ಆಂಟಿಯ ಮಗ ಆ ವಾರ ಮೈಸೂರಿನಲ್ಲಿದ್ದ, ಅವನೂ ಎತ್ತಲಿಲ್ಲ. ಅಂದರೆ ಆ ಮನೆಯಲ್ಲಿ ಅವರೊಬ್ಬರೇ. ಹಣತೆಯ ಎಣ್ಣೆ ಅರ್ಧಕ್ಕೆ ಇಳಿದಿತ್ತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಪೊಲೀಸರಿಗೆ ಫೋನ್ ಮಾಡು ಶರ್ವಾಣಿ."

ನಾನು ಅವರ ಮುಖ ನೋಡಿದೆ. ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ನನ್ನ ನೋಟ ಅರ್ಥ ಮಾಡಿಕೊಂಡರು. ಹಬ್ಬದ ದಿನ ಅವಳ ಮನೆ ಬಾಗಿಲಿಗೆ ಪೊಲೀಸರು ಹೋದರೆ ಬೈದುಕೊಳ್ಳಲಿ, ಎದ್ದು ನಿಂತು ಬೈಯುವ ಹಾಗಿದ್ದರೆ ಅಷ್ಟೇ ಸಾಕು ನನಗೆ ಅಂದರು. ಕಣ್ಣು ತುಂಬಿತ್ತು. ತುರ್ತಲ್ಲದ ವಿಷಯಕ್ಕಿರುವ ಪೊಲೀಸ್ ನಂಬರಿಗೆ ನನ್ನ ಫೋನಿನಿಂದ ಮಾಡಿ, ಗೀತಾ ಆಂಟಿಯ ವಿಳಾಸ ಕೊಟ್ಟು, ಒಬ್ಬಂಟಿ ಹೆಂಗಸು, ಫೋನ್ ಸಿಗುತ್ತಿಲ್ಲ ಅಂದೆ. ವಿಳಾಸವನ್ನು ಅತ್ತೆ ತಡವರಿಸದೆ ಬಾಯಿಪಾಠ ಹೇಳಿದರು, ಪಿನ್‌ಕೋಡ್ ಸಮೇತ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಮನೆಗೆ ಹೋದವರಲ್ಲ.

ಆಮೇಲಿನ ಕಾಯುವಿಕೆಯಲ್ಲಿ ಅತ್ತೆ ದೇವರ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದರು, ಅವತ್ತು ಅವಳು ಹೀಗೇ ಕೂತಿದ್ದಳಲ್ಲ, ಹೀಗೇ ಕೂತಿದ್ದಳಲ್ಲ ಅಂತ. ಅವಳು ಒಂದು ರಾತ್ರಿಯಿಡೀ ಕೂತಿದ್ದಳು, ನನ್ನ ಕೈಲಿ ಈ ಒಂದು ಗಂಟೆ ಆಗ್ತಿಲ್ಲ. ನಾನೋ, ಮಾನ ಹೋಯ್ತು ಅಂತ ಅವಳ ಮೇಲೆ ಕೂಗಾಡಿದೆ ಅಂದರು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಅವರು ಹೇಳುತ್ತಿದ್ದದ್ದು ನಿಜವಾಗಿತ್ತು.

ನನ್ನ ಫೋನು ಬಡಿದುಕೊಂಡಿತು. ಅಡಿಲೇಡಿನ ಪೊಲೀಸ್ ಅಧಿಕಾರಿ. ನಿಮ್ಮ ಸ್ನೇಹಿತೆ ಆರೋಗ್ಯವಾಗಿದ್ದಾರೆ, ಏನೋ ಕರಿಯುತ್ತಿದ್ದಾರೆ, ಮಾತಾಡಬೇಕಂತೆ ಅಂತ ಫೋನನ್ನು ಕೊಟ್ಟರು. ನಾನು ಅತ್ತೆಯ ಕೈಗೆ ಕೊಟ್ಟು ಸ್ಪೀಕರ್ ಒತ್ತಿದೆ.

"ಚಂದ್ರಾ," ಅಂತು ಆ ಕಡೆಯ ದನಿ. "ಹಬ್ಬದ ದಿನ ನನ್ನ ಮನೆಗೆ ಪೊಲೀಸರನ್ನ ಕಳಿಸಿದ್ಯೇನೇ?"

"ಹೂಂ ಕಣೇ," ಅಂದರು ಅತ್ತೆ.

ಗೀತಾ ಆಂಟಿಯೇ ಹೇಳಿದರು. ಅವರ ಗುಂಡಿ ಫೋನು ಎರಡು ದಿನದ ಹಿಂದೆ ಸತ್ತಿತ್ತು. ಅವರೂ ಕಂಪನಿಯ ಸಂದೇಶವನ್ನೆಲ್ಲ ಅಳಿಸಿದ್ದರು. ಅದಕ್ಕೇ ಮಗ ಯಾವಾಗಲೋ ಹಾಕಿಸಿಕೊಟ್ಟು ಧೂಳು ತಿನ್ನುತ್ತಿದ್ದ ಮನೆ ಫೋನಿನಿಂದ ಒಂದು ರಿಂಗ್ ಕೊಟ್ಟಿದ್ದರಂತೆ, ನಿನ್ನೆಯೂ, ಇವತ್ತೂ. ನಾನು ಅತ್ತೆಯ ಫೋನು ತೆಗೆದು ನೋಡಿದೆ. ನಿಜ. ಗೊತ್ತಿಲ್ಲದ ನಂಬರಿನಿಂದ ಒಂದೇ ರಿಂಗಿನ ಕರೆ ಬಂದರೆ ಅದು ಮೋಸದವರದ್ದು ಅಂತ ಹೊಸ ಫೋನು ತಾನೇ ತೀರ್ಮಾನಿಸಿ, ಸದ್ದೇ ಮಾಡದೆ ಸ್ಪ್ಯಾಮ್ ಅಂತ ಬರೆದು ಮೂಲೆಗೆ ಹಾಕಿತ್ತು. ನಿನ್ನೆಯೂ ಅತ್ತೆಯ ರಿಂಗನ್ನು ಪಡೆಯಲು ಆ ಕಡೆ ಫೋನೇ ಇರಲಿಲ್ಲ. ನಿನ್ನೆ ಸಂಜೆ ನೆಂಟರ ಗಲಾಟೆಯಲ್ಲಿ ನಾನು ಗಮನಿಸಿರಲಿಲ್ಲ, ಅತ್ತೆ ಒಳಗೊಳಗೇ ನುಂಗಿಕೊಂಡಿದ್ದರು ಅಂತ ಆಗ ತಿಳಿಯಿತು.

ಅಧಿಕಾರಿಗೆ ಫೋನ್ ಕೊಡಬೇಕು, ಮನೆ ಫೋನಿಗೆ ಮಾಡು ಅಂದರು ಗೀತಾ ಆಂಟಿ. ಅತ್ತೆ ತಮ್ಮ ಫೋನಿನಲ್ಲೇ, ಆ ಸ್ಪ್ಯಾಮ್ ನಂಬರಿಗೇ ಮಾಡಿ, ಬಾಲ್ಕನಿಯಲ್ಲಿ ಹಣತೆಗಳ ಪಕ್ಕ ಕೂತರು. ಬೆರಳು ತಾಗಿ ಸ್ಪೀಕರ್ ಹತ್ತಿಕೊಂಡಿತ್ತು, ಆರಿಸುವುದು ಅವರಿಗೆ ಬರುತ್ತಿರಲಿಲ್ಲ, ನಾನೂ ಹೇಳಿಕೊಡಲಿಲ್ಲ. ಕ್ಷಮೆಯಿಲ್ಲ, ಪಶ್ಚಾತ್ತಾಪವಿಲ್ಲ, ನೇರವಾಗಿ ಮೊಣಕಾಲು ನೋವಿಗೆ ಹೋದರು. ಅಲ್ಲಿಂದ ಕೋಲಾರದ ಕ್ವಾರ್ಟರ್ಸು, ಸೈರನ್ ಕೂಗಿದ ಮೇಲೆ ಇಡುತ್ತಿದ್ದ ಕಾಫಿ, ಹಾಲಿಗೆ ನೀರು ಬೆರೆಸುತ್ತಿದ್ದವಳು, ದಾಸವಾಳದ ಗಿಡ ಯಾರು ನೆಟ್ಟದ್ದು ಅನ್ನುವ ಹಳೆಯ ತಕರಾರು. ಅತ್ತೆ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅನು ಎರಡು ಸಲ ಬಂದು ಇಣುಕಿ ಹೋದಳು.

ನಗು ಇಳಿದಾಗ ಗೀತಾ ಆಂಟಿ ಕೇಳಿದರು, ದನಿ ತಗ್ಗಿಸಿ. "ಅವತ್ತು ಯಾಕೆ ಹಂಗೆ ಕಟ್ ಮಾಡ್ದೆ ಚಂದ್ರಾ? ನಾನು ಹೆದರಿಬಿಟ್ಟಿದ್ದೆ ಕಣೇ ಅಂತ ಹೇಳ್ತಾ ಇದ್ದೆ. ಕೇಳಿಸ್ಕೊಳ್ಳಲೇ ಇಲ್ಲ ನೀನು."

"ನಾನೆಲ್ಲಿ ಕಟ್ ಮಾಡ್ದೆ? ಕಟ್ ಮಾಡಿದ್ದು ನೀನು."

"ದೇವರಾಣೆ ನಾನಲ್ಲ. ನನಗೆ ಇವತ್ತಿಗೂ..."

ಫೋನು ಸತ್ತಿತು. ಅತ್ತೆ ಗೀತಾ ಗೀತಾ ಅಂದರು, ಉತ್ತರವಿಲ್ಲ. ಅವರ ಮುಖ ನೋಡಿದೆ. ಸೀಮಂತದ ಮಾರನೆಯ ದಿನ ಹಿತ್ತಲಿನಿಂದ ಒಳಗೆ ಬಂದಾಗ ಇದ್ದ ಅದೇ ಮುಖ. ಮತ್ತೆ ಕಟ್ ಮಾಡಿದಳು ಅಂತ ತುಟಿಯವರೆಗೆ ಬಂದಿತ್ತು. ಒಂದು ಗಳಿಗೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ, ಅವತ್ತು ಮಾಡದೇ ಇದ್ದದ್ದನ್ನು ಮಾಡಿದರು. ತಿರುಗಿ ಆ ನಂಬರನ್ನೇ ಒತ್ತಿದರು.

ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಬಂತು, ನಿಮ್ಮ ಖಾತೆಯಲ್ಲಿ ಈ ಕರೆಗೆ ಸಾಕಷ್ಟು ಹಣವಿಲ್ಲ, ದಯವಿಟ್ಟು ರೀಚಾರ್ಜ್ ಮಾಡಿ ಅಂತ. ಜನ್ಮಕ್ಕೆ ಸಾಕು ಅಂದುಕೊಂಡಿದ್ದ ಹತ್ತು ಡಾಲರ್ ಮುಗಿದಿತ್ತು. ಅತ್ತೆ ಆ ದನಿಯನ್ನು ಪೂರ್ತಿ ಕೇಳಿದರು. ಅದು ಮತ್ತೊಮ್ಮೆ ಮೊದಲಿನಿಂದ ಹೇಳಿತು, ಅದನ್ನೂ ಕೇಳಿದರು. ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಅವತ್ತೂ ಅಷ್ಟೊತ್ತು ಮಾತಾಡಿದ್ದೆ ಶರ್ವಾಣಿ. ಅವತ್ತೇ ಮಧ್ಯಾಹ್ನ ನಿಮ್ಮ ಮಾವ ರೀಚಾರ್ಜ್ ಮಾಡ್ತಾ, ಅದೇನು ಖಾಲಿ ಮಾಡ್ಬಿಟ್ಟಿದೀಯಲ್ಲ ಅಂದಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಕೋಪದಲ್ಲಿದ್ದೆ."

ಕಾರ್ಡು ತರುತ್ತೀನಿ, ಈಗಲೇ ರೀಚಾರ್ಜ್ ಮಾಡುತ್ತೀನಿ ಅಂತ ಎದ್ದೆ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟು ಹೊತ್ತು ಬೇಡ, ಈ ಸಲವೂ ನಾನೇ ಕಟ್ ಮಾಡಿದೆ ಅಂದುಕೊಳ್ಳುತ್ತಾಳೆ, ನಿನ್ನ ಫೋನ್ ಕೊಡು, ನಾಳೆ ಬೆಳಿಗ್ಗೆ ಆ ಇನ್ನೊಂದು ಪ್ಲ್ಯಾನು ಹಾಕಿಸು ಅಂದರು. ನಾನು ನಂಬರ್ ಒತ್ತಿ ಕೊಟ್ಟೆ. ಆ ಕಡೆ ಮೊದಲ ರಿಂಗು ಮುಗಿಯುವ ಮುಂಚೆಯೇ ಎತ್ತಿದರು.

"ಗೀತಾ, ನಾನಲ್ಲ ಕಣೇ ಕಟ್ ಮಾಡಿದ್ದು. ದುಡ್ಡು ಮುಗೀತು," ಅಂದರು ಅತ್ತೆ. "ಅವತ್ತೂ ದುಡ್ಡೇ ಮುಗಿದಿತ್ತು."

ಅಡಿಲೇಡಿನಿಂದ ಏನೂ ಕೇಳಲಿಲ್ಲ. ಬಹಳ ಹೊತ್ತು ಕೇಳಲಿಲ್ಲ. ಅತ್ತೆ ಫೋನನ್ನು ಕಿವಿಯಿಂದ ತೆಗೆದು, ಕಟ್ ಆಗಿದೆಯೇನೋ ಅಂತ ಕನ್ನಡಕ ಮೇಲೆತ್ತಿ ನೋಡಿದರು. ಆಗಿರಲಿಲ್ಲ.